ಡಬ್ಬಿಯೊಳಗಿನ ಹತ್ತಿ

ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರದಿಂದ ತಿಂಗಳ ಮಾತ್ರೆ ಒಯ್ಯುವ ಕೆಲವರು ಡಬ್ಬಿಯೊಳಗೆ ಒಂದಿಷ್ಟು ಹತ್ತಿ ತುರುಕುತ್ತಾರೆ. ಬಸ್ಸಿನಲ್ಲಿ ಗಲಗಲ ಸದ್ದಾಗಿ ಪಕ್ಕದವರು ಏನದು ಎಂದು ಕೇಳಬಾರದಲ್ಲ! ಈ ಉಪಾಯ ಹೇಳಿಕೊಡುವುದು ಡಾಕ್ಟರಲ್ಲ, ಸಾಲಿನಲ್ಲಿ ಮುಂದೆ ನಿಂತ ಅಕ್ಕ.

ಎಚ್‌ಐವಿಗೆ ಸರ್ಕಾರ ಉಚಿತ ಎಆರ್‌ಟಿ ಔಷಧ ಕೊಡತೊಡಗಿದ್ದು 2004ರಲ್ಲಿ. ಭೇದಭಾವ ತಡೆಯುವ ಕಾನೂನು 2017ರಲ್ಲಿ ಬಂತು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ಇಷ್ಟೆಲ್ಲ ಗೊತ್ತಿದ್ದೂ ರಾತ್ರಿ ನಿದ್ದೆ ಬಾರದವರಿದ್ದಾರೆ.

ಹೊಸದಾಗಿ ಬಂದ ಹುಡುಗ ಬೆಂಚಿನ ತುದಿಯಲ್ಲಿ ಮುದುಡಿ ಕೂತಿರುತ್ತಾನೆ. ಅಕ್ಕ ಹತ್ತಿರ ಸರಿದು, "ನಂದು ಹದಿನಾರನೇ ವರ್ಷ ಕಣಪ್ಪ. ಮೊನ್ನೆ ಮೊಮ್ಮಗಳ ನಾಮಕರಣ ಮಾಡಿದ್ವಿ. ತಿಂಡಿ ತಿಂದ್ಯಾ?" ಅನ್ನುತ್ತಾಳೆ.

ಹುಡುಗ ತಲೆಯೆತ್ತುತ್ತಾನೆ.