ಮುಚ್ಚಿಟ್ಟರೆ ಹರಡುವ ಕಾಯಿಲೆ

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ದರ, ಫ್ಯಾಟಿನ ವಿಚಾರ ಬೇರೆಯವರು ಮಾತಾಡಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಡಾಕ್ಟರಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಸಂಕೋಚ ಬಿಟ್ಟು ಕೇಳಬೇಕು.

ನಮ್ಮ ಅತ್ತಿಗೆಯವರಿಗೆ ಮುಟ್ಟು ನಿಂತು ಐದಾರು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಹದ ಮಾಡುವ ಕಾಲ. ‘ಕೆಲಸ ಮುಗೀಲಿ’ ಅಂತ ಯಾರಿಗೂ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಮೂತ್ರದಲ್ಲೂ ರಕ್ತ ಬಂದಾಗ ಮೈಸೂರಿಗೆ ಕರೆದುಕೊಂಡು ಹೋದೆವು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಂದರು. ಸ್ಕ್ಯಾನಿಂಗ್ ಬರೆದುಕೊಟ್ಟರು. ‘ನಾನೇನು ಬಸುರೀನಾ, ಸ್ಕ್ಯಾನಿಂಗ್ ಯಾಕಪ್ಪಾ?’ ಅಂತ ಅತ್ತಿಗೆ ಕೇಳಿದರು. ನೀರು ಕುಡಿದು ಮೂತ್ರ ತಡೆದುಕೊಳ್ಳಿ ಅಂದದ್ದರ ಕಾರಣ ತಿಳಿಯದೆ, ನಡುವೆ ಹೋಗಿ ಬಂದುಬಿಟ್ಟರು. ಮತ್ತೆ ಎರಡು ಗಂಟೆ ಕಾದೆವು.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಗರ್ಭಕೋಶದ ಮುಂದೆಯೇ ಮೂತ್ರಕೋಶ ಇದೆ, ಒಂದೇ ಬದುವಿನ ಎರಡು ಹೊಲ ಇದ್ದ ಹಾಗೆ. ಮೂತ್ರ ತುಂಬಿದ್ದರೆ ಆ ಬದು, ಅಂದರೆ ಮೂತ್ರಕೋಶದ ಗೋಡೆ, ಚೆನ್ನಾಗಿ ಕಾಣುತ್ತದೆ. ಗಡ್ಡೆ ಬದು ದಾಟಿದೆಯೋ, ಮೂತ್ರನಾಳ ಕಟ್ಟಿ ಕಿಡ್ನಿ ಊದಿದೆಯೋ ಎಂದು ನೋಡುತ್ತಾರೆ. ಇದು ಶಬ್ದದ ಅಲೆಯಿಂದ ನೋಡುವುದು, ಎಕ್ಸರೇ ಅಲ್ಲ. ಆದರೆ ಸ್ಕ್ಯಾನಿಂಗೇ ಕೊನೆ ಮಾತಲ್ಲ. ಅನುಮಾನ ಬಂದರೆ ಮೂತ್ರಕೋಶದೊಳಗೆ ದುರ್ಬೀನು ಹಾಕಿ, ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಒಳಪದರಕ್ಕೆ ಹರಡಿದ್ದರೆ ಅದು ನಾಲ್ಕನೇ ಹಂತ. ಶುರುವಿನಲ್ಲಿ ಆಪರೇಷನ್ನಿನಿಂದಲೇ ವಾಸಿಯಾಗಬಹುದಾದ ಕಾಯಿಲೆಗೆ ಆಗ ರೇಡಿಯೇಷನ್, ಕಿಮೋ ಅಂತ ಅಲೆಯಬೇಕು. ಅತ್ತಿಗೆಯವರಿಗೆ ಹಾಗೇ ಆಯಿತು. ಒಂದೂವರೆ ವರ್ಷ ಬದುಕಿದ್ದರು.

ಹಸು ಅರ್ಧ ಲೀಟರ್ ಹಾಲು ಕಮ್ಮಿ ಕೊಟ್ಟರೆ ಅವತ್ತೇ ಡಾಕ್ಟರಿಗೆ ಹೇಳಿಕಳಿಸುವ ನಾವು, ಮನೆ ಹೆಂಗಸಿನ ಮುಖ ನೋಡಿ ‘ಏನಾಯ್ತು’ ಅಂತ ಕೇಳಲಿಲ್ಲ. ತಪ್ಪು ಅವರದಲ್ಲ, ನಮ್ಮದು.

ತಾಯಂದಿರೇ, ಮುಟ್ಟು ನಿಂತ ಮೇಲೆ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಕೆಟ್ಟ ವಾಸನೆಯ ಬಿಳಿಸೆರಗು, ಇವು ಕಂಡರೆ ಕಾಯಬೇಡಿ. 30 ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿ. ಸಹಕಾರಿಗಳಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂತು. ಅದರಲ್ಲಿ ಏನೇನು ಸಿಗುತ್ತದೆ ಎಂದು ಕಾರ್ಯದರ್ಶಿಯವರನ್ನು ಕೇಳಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಯಾವ ಕಡೆಯವರಿಗೂ ಮೈಸೂರು ಒಂದು ಬಸ್ಸಿನ ದಾರಿ. ಮುಚ್ಚಿಟ್ಟರೆ ಅದೇ ದಾರಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆವರೆಗೂ ಉದ್ದವಾದೀತು.