ಸಿಂಪಿಯ ಹಾಸು ಮತ್ತು ನಮ್ಮ ಹೊಳೆ
(ಬೆಳ್ಳಿ ಹಬ್ಬದ ಸರ್ವಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ದಿವಸ ಶೇರು, ಠೇವಣಿ, ಲಾಭಾಂಶದ ಮಾತು ಆಡುವುದು ಪದ್ಧತಿ. ಅದನ್ನು ಕಾರ್ಯದರ್ಶಿಗಳು ವರದಿಯಲ್ಲಿ ವಿವರವಾಗಿ ಹೇಳಿದ್ದಾರೆ. ನಾವು ಸಮುದ್ರದ ಸುದ್ದಿ ಹೇಳಲಿಕ್ಕೆ ನಿಂತೀವಿ. ಜೋಳ, ಸೂರ್ಯಕಾಂತಿ ಬೆಳೆಯುವ ಮಲಪ್ರಭೆ ದಂಡಿಯ ಮಂದಿಗೆ ಸಮುದ್ರದ ಸುದ್ದಿ ಯಾಕ್ರಿ ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ರಿ.

ಹಿಂದೆ ಮಂಡಳಿಯವರು ಕೆಲವರು ಕೂಡಿ ಗೋಕರ್ಣಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಹತ್ತಿರದ ತದಡಿಗೆ ಹೋದೆವು. ಅಘನಾಶಿನಿ ಹೊಳೆ ಸಮುದ್ರ ಕೂಡುವ ಜಾಗ ಅದು. ನೀರು ಇಳಿದಿತ್ತು. ಹೆಣ್ಣುಮಕ್ಕಳು ಸೊಂಟಮಟ ನೀರಾಗ ನಿಂತು, ಕೆಸರಿನಲ್ಲಿ ಕೈಯಾಡಿಸಿ ಚಿಪ್ಪು ಆರಿಸಿ ಬುಟ್ಟಿ ತುಂಬುತ್ತಿದ್ದರು. ಅದಕ್ಕೆ ಅಲ್ಲಿ ಬಳಚು ಅನ್ನುತ್ತಾರೆ. "ಇದು ನಮ್ಮ ಕಪ್ಪೆಚಿಪ್ಪು ಅಲ್ಲೇನ್ರಿ?" ಅಂತ ನಮ್ಮವರೊಬ್ಬರು ಕೇಳಿದರೆ ಒಬ್ಬ ತಾಯಿ ನಕ್ಕು, "ನಮ್ಮ ಸಂಸಾರ ಇದ್ರಲ್ಲೇ ನಡೀತದೆ ಮಾರಾಯ್ರೆ" ಅಂದಳು. ಸುಳ್ಳಲ್ಲ. ಮೀನು, ಚಿಪ್ಪು, ಏಡಿ, ಗಜನಿ ಭತ್ತ, ಉಪ್ಪು ಇವೆಲ್ಲ ಸೇರಿ ಆ ಅಳಿವೆ 6,000ದಿಂದ 7,500 ಕುಟುಂಬಗಳಿಗೆ ಅನ್ನ ಕೊಡುತ್ತದೆ ಎಂಬುದು ಸರ್ಕಾರದ ಲೆಕ್ಕ. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮ್ಮ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಅದರ ಜೊತೆಗೇ ಸಿಕ್ಕಿತು ಅನ್ನುವುದು ನಮಗೂ ಅಭಿಮಾನದ ಮಾತು.

ಬಳಚಿನ ಅಣ್ಣತಮ್ಮ ಸಿಂಪಿ. ಅದು ಕೆಸರಿನಲ್ಲಿ ಹುಗಿದುಕೊಳ್ಳುವುದಿಲ್ಲ, ಗಟ್ಟಿ ಜಾಗಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಅದರ ಮರಿ ಕೆಲವು ದಿನ ನೀರಿನಲ್ಲಿ ತೇಲಾಡಿ ಆಮೇಲೆ ನೆಲೆ ಹುಡುಕುತ್ತದೆ. ಬಂಡೆ ಸಿಕ್ಕರೂ ಆದೀತು, ಆದರೆ ಅದಕ್ಕೆ ಹೆಚ್ಚು ಒಗ್ಗುವುದು ಹಿರಿಯ ಸಿಂಪಿಗಳ ಹಳೇ ಚಿಪ್ಪು. ಹೀಗೆ ಅಜ್ಜನ ಮೈಮೇಲೆ ಅಪ್ಪ, ಅಪ್ಪನ ಮೈಮೇಲೆ ಮಗ ಅಂತ ಹಾಸು ಬೆಳೆಯುತ್ತದೆ. ಚಿಪ್ಪು ಪೂರಾ ಬಾಚಿಕೊಂಡು ಹೋದರೆ ಮುಂದಿನ ಮರಿಗೆ ಕೂಡ್ರಲಿಕ್ಕೆ ಜಾಗ ಇಲ್ಲ. ನಮಗೆ ಸುಣ್ಣ ಬೇಕಾದರೆ ಬಾಗಲಕೋಟೆ ಸೀಮೆಯ ಸುಣ್ಣದಕಲ್ಲು ಐತಿ, ಕರಾವಳಿಯವರು ಚಿಪ್ಪನ್ನೇ ಸುಡುತ್ತ ಬಂದವರು. ಹೀಗಾಗಿ ಸತ್ತ ಚಿಪ್ಪಿಗೂ ಅಲ್ಲಿ ಗಿರಾಕಿ ಇದ್ದಾನೆ.

ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲಿ ಹೀಗೆ ಬಾಚಿ ಬಾಚಿ, ಮೇಲೆ ರೋಗವೂ ಬಿದ್ದು, ಸಿಂಪಿ ಹಿಂದಿನದರ ನೂರರಲ್ಲಿ ಒಂದೆರಡು ಪಾಲಿಗೆ ಇಳಿಯಿತು. ಅಲ್ಲಿಯ ದೊಡ್ಡ ಸಿಂಪಿಯೊಂದು ಅನುಕೂಲ ಇದ್ದರೆ ದಿನಕ್ಕೆ 190 ಲೀಟರ್‌ವರೆಗೆ, ಅಂದರೆ ನಮ್ಮ ಹತ್ತು-ಹನ್ನೆರಡು ಕೊಡ, ನೀರು ಸೋಸುತ್ತದೆ. ಅದು ಹೋದಮೇಲೆ ಕೊಲ್ಲಿಯ ನೀರೂ ಕೆಟ್ಟಿತು. ಈಗ ಅಲ್ಲಿ ಹೋಟೆಲುಗಳಲ್ಲಿ ತಿಂದುಬಿಟ್ಟ ಚಿಪ್ಪು ಕೂಡಿಸಿ, ತೊಳೆದು, ಮರಿ ಅಂಟಿಸಿ ಮತ್ತೆ ನೀರಿಗೆ ಹಾಕುತ್ತಿದ್ದಾರೆ. ತೆಗೆಯುವುದಕ್ಕಿಂತ ತಿರುಗಿ ಇಡುವುದೇ ದುಬಾರಿ ಬಾಬ್ತು!

ನಮಗೆ ಹೆಚ್ಚು ಹಿಡಿಸಿದ್ದು ಕೇರಳದ ಅಷ್ಟಮುಡಿ ಕಾಯಲಿನ ಕಥೆ. ಅಲ್ಲಿಯದು ಬಳಚಿನ ಜಾತಿ. ಪರದೇಶಕ್ಕೆ ರಫ್ತು ಶುರುವಾಯಿತು, ಎಲ್ಲರೂ ಮುಗಿಬಿದ್ದರು. 1991ರಲ್ಲಿ 10,000 ಟನ್ ಸಿಕ್ಕಿದ್ದು 1993ಕ್ಕೆ ಅರ್ಧಕ್ಕೆ ಇಳಿಯಿತು. ಆಗ ಮೀನುಗಾರರು, ವಿಜ್ಞಾನಿಗಳು, ಅಧಿಕಾರಿಗಳು ಕೂತು ಕಟ್ಟು ಮಾಡಿಕೊಂಡರು. ಮರಿ ಮಾಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾರೂ ಹಿಡಿಯಬಾರದು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. ಮೂರು ತಿಂಗಳು ಕೈಕಟ್ಟಿ ಕೂಡ್ರುವುದು ದಿನದ ಗಳಿಕೆ ದಿನ ತಿನ್ನುವವರಿಗೆ ಸಣ್ಣ ಮಾತಲ್ಲ. ಆದರೂ ತಡೆದರು. 2014ರಲ್ಲಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಭಾರತದಲ್ಲಿ ಮೊದಲು ಸಿಕ್ಕಿದ್ದು ಅವರಿಗೇ.

ಈಗ ನಮ್ಮ ಹೊಳೆಗೆ ಬರ್ತೀವಿ. ನಾವು ಸಣ್ಣವರಿದ್ದಾಗ ಕಪ್ಪೆಚಿಪ್ಪನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ ಮಾವಿನಕಾಯಿ ಸಿಪ್ಪಿ ತೆಗೀತಿದ್ವಿ. ಈಗಿನ ಹುಡುಗರಿಗೆ ತೋರಿಸೋಣ ಅಂದರೆ ಸಿಗೂದಿಲ್ಲ. ಅದೂ ನೀರು ಸೋಸುವ ಜೀವವೇ. ಅದರ ಮರಿ ಮೊದಲು ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ದಿನ ಕಳೆದು, ಆಮೇಲೆ ಉಸುಕಿಗೆ ಇಳಿಯುತ್ತದೆ. ಮೀನೂ ಬೇಕು, ಉಸುಕೂ ಬೇಕು. ಮೇಲೆ ನವಿಲುತೀರ್ಥದ ಅಣೆಕಟ್ಟು ಐತಿ, ಹೊಲದ ಔಷಧ ಹರಿದು ಬರುತ್ತದೆ, 2009ರ ಮತ್ತು 2019ರ ಮಹಾಪೂರ ಬೇರೆ. ಎಲ್ಲ ತಪ್ಪನ್ನೂ ಉಸುಕಿನ ಮೇಲೆ ಹೊರಿಸುವುದಿಲ್ಲ. ಆದರೆ ಉಸುಕು ತೆಗೆದವರು ಯಾರು?

ಇಲ್ಲಿ ನಾವು ಒಂದು ಮಾತು ಒಪ್ಪಿಕೊಳ್ಳಬೇಕು. ಟ್ರ್ಯಾಕ್ಟರ್ ಸಾಲ ಕೊಟ್ಟಿದ್ದು ನಾವೇ. ಉಳುಮೆಗೆ ಅಂತ ಬರೆದುಕೊಂಡು ಕೊಟ್ಟೆವು. ಟ್ರೇಲರ್ ರಾತ್ರಿ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದೂ ಕೇಳಲಿಲ್ಲ, ಯಾಕಂದ್ರ ಕಂತು ಸರಿಯಾಗಿ ಬರುತ್ತಿತ್ತು. ಶೇಕಡಾವಾರು ವಸೂಲಿ ಚೆನ್ನಾಗಿದೆ ಅಂತ ವರದಿಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿದೆವು. ಹೊಳೆದಂಡಿ ಬಾವಿಗಳ ನೀರು ಕೆಳಗಿಳಿದಾಗ, ಪಂಪ್‌ಸೆಟ್ ಇಳಿಸಲಿಕ್ಕೆ ಮತ್ತೆ ಸಾಲ ಕೇಳಿ ನಮ್ಮ ಬಾಗಿಲಿಗೇ ಬಂದರು. ಅದನ್ನೂ ಕೊಟ್ಟೆವು.

ಆದ್ದರಿಂದ ಮಂಡಳಿ ಇವತ್ತು ಒಂದು ಠರಾವು ಮುಂದಿಟ್ಟಿದೆ. ಹಳೇ ದೋಣಿ ಕಟ್ಟೆಯಿಂದ ಗುಡಿಯ ಪಾವಟಿಗೆವರೆಗಿನ ಹೊಳೆಯಲ್ಲಿ ಮೂರು ವರ್ಷ ನಮ್ಮ ಸದಸ್ಯರು ಯಾರೂ ಉಸುಕು ಎತ್ತಬಾರದು, ಮಳೆಗಾಲದ ಮೊದಲ ಎರಡು ತಿಂಗಳು ಬಲೆ ಹಾಕಬಾರದು. ಸರ್ಕಾರದ ಅಧಿಕಾರ ನಮಗಿಲ್ಲ, ಆದರೆ ನಮ್ಮ ಸಾಲದ ಕರಾರಿನಲ್ಲಿ ಷರತ್ತು ಹಾಕುವ ಅಧಿಕಾರ ಐತಿ. ಇದರಿಂದ ಟ್ರ್ಯಾಕ್ಟರ್ ಇದ್ದವರ ಕಂತು ತಪ್ಪುತ್ತದೆ ಅಂತ ನಮಗೆ ಗೊತ್ತು. ಅವರ ಕಂತಿಗೆ ಅವಧಿ ಹೆಚ್ಚಿಸಿಕೊಡಲು ಜಿಲ್ಲಾ ಬ್ಯಾಂಕಿನ ಒಪ್ಪಿಗೆ ಕೇಳಿದ್ದೇವೆ, ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಈ ವರ್ಷದ ಲಾಭಾಂಶದಲ್ಲಿ ಸ್ವಲ್ಪ ಕಡಿಮೆ ಮಾಡಿ ಆ ಹೊರೆಯನ್ನು ಸಂಘವೇ ಹೊರಬೇಕಾದೀತು. ಹೊಳೆಗೆ ಹೊಲ ಇಲ್ಲದವರು, ಇಳಕಲ್ಲಿಗೆ ಸೀರೆ ನೇಯ್ದು ಕೊಡುವ ನಮ್ಮ ಮಗ್ಗದ ಸದಸ್ಯರು, "ನಮ್ಮ ಲಾಭಾಂಶ ಯಾಕ ಕಡಿಮಿ?" ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಠರಾವಿನ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ್ದೇವೆ. ಬೇಡ ಅನ್ನುವವರೂ ಎದ್ದು ನಿಂತು ಮಾತಾಡ್ರಿ, ಮನಸ್ಸಿನಾಗ ಇಟ್ಟುಕೊಳ್ಳಬ್ಯಾಡ್ರಿ. ಊಟಕ್ಕೆ ಮೊದಲು ಕೈ ಎತ್ತಿಸಿ ಎಣಿಸೋಣ.