ಎಲೆಕೋಸಿನ ದಿಢೀರ್ ಪಿಕಲ್: ಉಪ್ಪಿನಕಾಯಿ ಅಂತ ನಂಬಿ ಹೊರಗೆ ಇಡಬೇಡಿ

ಇವತ್ತು ಎಲೆಕೋಸಿನ ಬಗ್ಗೆ ಮಾತಾಡೋಣ. ಮುಂಬೈ, ಪುಣೆಯಲ್ಲಿ ಇರೋರಿಗೆ ಇದು ಕೋಬಿ, ಚೆನ್ನೈಯವರಿಗೆ ಮುಟ್ಟೈಕೋಸ್, ಹೈದರಾಬಾದಿನಲ್ಲಿ ಕ್ಯಾಬೇಜಿ, ದೆಹಲಿಯಲ್ಲಿ ಪತ್ತಾ ಗೋಭಿ ಅಥವಾ ಬಂದ್ ಗೋಭಿ. ದೆಹಲಿಗೆ ಹೊಸದಾಗಿ ಹೋದವರು ಬರೀ ಗೋಭಿ ಅಂತ ಕೇಳಿದ್ರೆ ಹೂಕೋಸು ಕೈಗೆ ಬರುತ್ತೆ, ಜೋಪಾನ. ಊರು ಯಾವುದೇ ಇರಲಿ, ಒಬ್ಬರೋ ಇಬ್ಬರೋ ಇರೋ ಬಾಡಿಗೆ ಮನೆಯಲ್ಲಿ ಕೋಸಿನ ಕಥೆ ಒಂದೇ. ಅರ್ಧ ಪಲ್ಯ ಆಗುತ್ತೆ, ಇನ್ನರ್ಧ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಕೂತು ಕೊಯ್ದ ಅಂಚು ಕಪ್ಪಾಗುತ್ತೆ. ಆ ಇನ್ನರ್ಧವನ್ನ ದಿಢೀರ್ ಪಿಕಲ್ ಮಾಡೋದು ಈಗ ಎಲ್ಲರ ಫೋನಿನಲ್ಲೂ ಓಡಾಡ್ತಿರೋ ಅಡುಗೆ. ಹೆಚ್ಚಿ, ಉಪ್ಪು ಹಾಕಿ, ವಿನೆಗರ್ ಸುರಿದು, ಬಾಟಲಿಯಲ್ಲಿ ತುಂಬಿ. ಮುಗೀತು ಅಂತಾರೆ.

ಮಾಡೋದು ನಿಜವಾಗಿಯೂ ಅಷ್ಟೇ ಸುಲಭ. ಆದರೆ ಪಿಕಲ್ ಅನ್ನೋ ಪದವನ್ನ ನಾವು ತಲೆಯಲ್ಲಿ ತಕ್ಷಣ ಉಪ್ಪಿನಕಾಯಿ ಅಂತ ಅನುವಾದ ಮಾಡ್ಕೋತೀವಿ. ಉಪ್ಪಿನಕಾಯಿ ಅಂದ ಮೇಲೆ ಕೆಡಲ್ಲ, ಅಡುಗೆಮನೆ ಶೆಲ್ಫಿನ ಮೇಲೆ ಇಟ್ಟರೂ ನಡೆಯುತ್ತೆ ಅನ್ನೋ ನಂಬಿಕೆ ಜೊತೆಗೇ ಬಂದುಬಿಡುತ್ತೆ. ತೊಂದರೆ ಇರೋದು ಅಲ್ಲಿ.

ಪಿಕಲ್ ಅನ್ನೋ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕೆಲಸ ನಡೀತವೆ. ಒಂದು ನಮ್ಮ ಉಪ್ಪಿನಕಾಯಿ. ಮಲೆನಾಡಿನ ಅಪ್ಪೆಮಿಡಿಯನ್ನೇ ತಗೊಳ್ಳಿ. ಮಿಡಿಗಳನ್ನ ಕಲ್ಲುಪ್ಪಿನಲ್ಲಿ ದಿನಗಟ್ಟಲೆ ಇಟ್ಟು, ಅವು ಸುರುಟಿಕೊಂಡ ಮೇಲೆ ಖಾರ ಬೆರೆಸ್ತಾರೆ. ಅಷ್ಟು ಉಪ್ಪಿನ ನಡುವೆ ಸೂಕ್ಷ್ಮಜೀವಿಗಳಿಗೆ ಬೆಳೆಯೋಕೆ ಬೇಕಾದ ನೀರೇ ದಕ್ಕಲ್ಲ. ಕಾಯಿಯ ಹುಳಿ, ಸಾಸಿವೆ, ಎಣ್ಣೆ ಎಲ್ಲವೂ ಉಪ್ಪಿನ ಬೆನ್ನಿಗೆ ನಿಲ್ಲುತ್ತವೆ. ಅದಕ್ಕೇ ಭರಣಿಯಲ್ಲಿ ವರ್ಷ ಕಳೆದರೂ ಇರುತ್ತೆ, ಅದಕ್ಕೇ ನಾವು ಅದನ್ನ ಎಲೆಯ ತುದಿಗೆ ಚೂರೇ ಚೂರು ಬಡಿಸಿಕೊಳ್ಳೋದು.

ಎರಡನೆಯದು ಹುಳಿ ಬರಿಸೋದು. ಜರ್ಮನಿಯ ಸಾವರ್‌ಕ್ರೌಟ್, ಕೊರಿಯಾದ ಕಿಮ್ಚಿ ಈ ಜಾತಿ. ಸಾವರ್‌ಕ್ರೌಟ್‌ಗೆ ಕೋಸಿನ ತೂಕದ ನೂರಕ್ಕೆ 2ರಿಂದ 2.5ರಷ್ಟು ಮಾತ್ರ ಉಪ್ಪು. ಅದನ್ನ ಗಾಳಿ ತಾಗದಂತೆ ಅದರದೇ ನೀರಿನಲ್ಲಿ ಮುಳುಗಿಸಿಟ್ಟರೆ ಎಲೆಯ ಮೇಲೇ ಇರೋ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಇದರಲ್ಲಿ ಮೊದಲು ಕೆಲಸಕ್ಕೆ ಇಳಿಯೋ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ನಮ್ಮ ಇಡ್ಲಿ ಹಿಟ್ಟಿನಲ್ಲೂ ಇರೋದೇ, ಹಾಗಾಗಿ ನಮಗೇನು ಹೊಸ ನೆಂಟ ಅಲ್ಲ. ಆದರೆ ಇದು ಸರಿಯಾಗಿ ಆಗೋಕೆ 18ರಿಂದ 22 ಡಿಗ್ರಿ ತಂಪು ಬೇಕು, ಮೂರು ನಾಲ್ಕು ವಾರ ಬೇಕು. ಮೇ ತಿಂಗಳ ಚೆನ್ನೈ ಅಡುಗೆಮನೆಯಲ್ಲಿ ಅದು ಸರಸರ ಹುಳಿಯಾಗಿ, ಕೋಸು ಮೆತ್ತಗಾಗಿ, ವಾಸನೆ ಹಿಡಿಯೋ ಸಾಧ್ಯತೆಯೇ ಹೆಚ್ಚು. ದೆಹಲಿಯವರು ಡಿಸೆಂಬರ್, ಜನವರಿಯಲ್ಲಿ ಧೈರ್ಯವಾಗಿ ಪ್ರಯತ್ನ ಮಾಡಬಹುದು.

ಮೂರನೆಯದು ನಮ್ಮ ಇವತ್ತಿನದು. ಇಲ್ಲಿ ಹುಳಿ ಬಾಟಲಿಯಿಂದ ಬರುತ್ತೆ, ಬ್ಯಾಕ್ಟೀರಿಯಾಗಳಿಗೆ ಕಾಯೋ ಅಗತ್ಯ ಇಲ್ಲ. ಉಪ್ಪು ಬರೀ ನೀರು ಬಿಡಿಸೋಕೆ ಮತ್ತು ರುಚಿಗೆ. ಕಾಪಾಡೋ ಕೆಲಸ ಮಾಡೋದು ವಿನೆಗರ್ ಮತ್ತು ಫ್ರಿಜ್, ಇಬ್ಬರೂ ಸೇರಿ. ಜನ ಮಾಡೋದೇನು ಅಂದ್ರೆ, ಉಪ್ಪು ಎರಡನೆಯದರ ಲೆಕ್ಕದಲ್ಲಿ ಹಾಕ್ತಾರೆ, ವಿನೆಗರ್ ರುಚಿಗೆ ಎರಡು ಚಮಚ ಹಾಕ್ತಾರೆ, ಆಮೇಲೆ ಮೊದಲನೆಯದರ ಥರ ವಾರಗಟ್ಟಲೆ ಹೊರಗೆ ಇಡ್ತಾರೆ. ಮೂರರಲ್ಲಿ ಯಾವುದರ ರಕ್ಷಣೆಯೂ ಅದಕ್ಕಿಲ್ಲ.

ಇದು ಸುಮ್ಮನೆ ಹೆದರಿಸೋ ಮಾತಲ್ಲ. ಜಪಾನಿನಲ್ಲಿ ಅಸಾಜುಕೆ ಅಂತ ಒಂದು ಇದೆ. ತರಕಾರಿಗೆ ಸ್ವಲ್ಪ ಉಪ್ಪು, ಮಸಾಲೆ ನೀರು ಹಾಕಿ ಕೆಲವು ಗಂಟೆ ಬಿಟ್ಟು ತಿನ್ನೋದು. ಅವರ ದಿಢೀರ್ ಪಿಕಲ್ ಅನ್ನಿ. 2012ರ ಆಗಸ್ಟಿನಲ್ಲಿ ಹೊಕ್ಕೈಡೊ ಭಾಗದಲ್ಲಿ ಹೀಗೆ ತಯಾರಿಸಿದ ಚೈನೀಸ್ ಕ್ಯಾಬೇಜ್ ತಿಂದು ನೂರಕ್ಕೂ ಹೆಚ್ಚು ಜನಕ್ಕೆ ಇ. ಕೋಲಿ ಒ157 ಸೋಂಕು ತಗುಲಿ, 8 ಮಂದಿ ತೀರಿಕೊಂಡರು. ಶುಚಿತ್ವಕ್ಕೆ ಹೆಸರಾದ ದೇಶ ಅದು. ಆ ಘಟನೆಯ ನಂತರ ಅಲ್ಲಿನ ಸರ್ಕಾರ ತಯಾರಕರಿಗೆ ಹೊಸ ಮಾರ್ಗಸೂಚಿ ಕೊಟ್ಟಿತು. ತರಕಾರಿಯನ್ನ ಕ್ಲೋರಿನ್ ದ್ರಾವಣದಲ್ಲಿ ಶುದ್ಧ ಮಾಡಿ, ಇಲ್ಲವೇ 75 ಡಿಗ್ರಿಯಲ್ಲಿ 1 ನಿಮಿಷ ಬಿಸಿ ಮಾಡಿ ಅಂತ. ಅರ್ಥ ಇಷ್ಟೇ: ಕೆಲವು ಗಂಟೆಯ ಉಪ್ಪು ರೋಗಾಣುಗಳನ್ನ ಕೊಲ್ಲಲ್ಲ, ಎಲೆಯ ಮೇಲೆ ಏನು ಬಂದಿರುತ್ತೋ ಅದು ತಟ್ಟೆಯವರೆಗೂ ಬರುತ್ತೆ.

ಇಲ್ಲಿಗೆ ನಮ್ಮ ಅಮ್ಮಂದಿರ ಮಾತು ಸೇರುತ್ತೆ. ಹಸಿ ಕೋಸು ತಿನ್ನಬೇಡ, ತಲೆಗೆ ಹುಳ ಹೋಗುತ್ತೆ ಅಂತ ಹೇಳಿರ್ತಾರಲ್ಲ. ನಗಬೇಡಿ, ಅದರಲ್ಲಿ ನಿಜ ಇದೆ. ಟೀನಿಯಾ ಸೋಲಿಯಂ ಅನ್ನೋ ಲಾಡಿಹುಳದ ಮೊಟ್ಟೆ ಕೊಳಚೆ ನೀರು ಹಾಯಿಸಿ ಬೆಳೆದ ತರಕಾರಿ ಮೇಲೆ ಇರಬಹುದು. ಅದು ಹೊಟ್ಟೆಗೆ ಹೋಗಿ, ಮರಿ ಮಿದುಳು ತಲುಪಿದ್ರೆ ಮೂರ್ಛೆರೋಗ ಬರಬಹುದು. ತಪ್ಪಿರೋದು ಅದನ್ನ ಕೋಸಿಗೆ ಮಾತ್ರ ಅಂಟಿಸೋದರಲ್ಲಿ. ಕೊತ್ತಂಬರಿ, ಕ್ಯಾರೆಟ್, ಯಾವ ಹಸಿ ತರಕಾರಿಗೂ ಈ ಮಾತು ಅನ್ವಯಿಸುತ್ತೆ. ಕೋಸಿನಲ್ಲಿ ಮಡಿಕೆ ಜಾಸ್ತಿ, ತೊಳೆಯೋದು ಕಷ್ಟ, ಅಷ್ಟೇ. ಈ ಮೊಟ್ಟೆ ವಿನೆಗರಿಗೆ ಸಾಯುತ್ತೆ ಅಂತ ನಂಬಿ ಕೂರಬೇಡಿ. ಕುದಿಯೋ ನೀರಿಗೆ ಸಾಯುತ್ತೆ. ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರೋದು ಎಷ್ಟೋ ಸಲ ಟ್ಯಾಂಕರ್ ನೀರು. ಅದರಲ್ಲಿ ಹತ್ತು ಸಲ ತೊಳೆದರೂ ಸಮಾಧಾನ ಎಷ್ಟು?

ಖುಷಿಯ ವಿಷಯ ಅಂದ್ರೆ ಈ ಬಿಸಿನೀರಿನ ಹೆಜ್ಜೆ ನಮ್ಮ ದೇಶದಲ್ಲೇ ಹಳೆಯದು. ದೆಹಲಿಯಲ್ಲಿ ಇರೋರು ಚಳಿಗಾಲದಲ್ಲಿ ಪಕ್ಕದ ಪಂಜಾಬಿ ಆಂಟಿ ಮನೆಗೆ ಹೋಗಿ ನೋಡಿ. ಹೂಕೋಸು, ಕ್ಯಾರೆಟ್, ಶಲ್ಗಮ್ ಸೇರಿಸಿ ಬೆಲ್ಲ, ವಿನೆಗರ್, ಸಾಸಿವೆ ಎಣ್ಣೆಯ ಸಿಹಿ-ಹುಳಿ ಅಚಾರ್ ಹಾಕ್ತಾರೆ. ಮೊದಲು ತರಕಾರಿಯನ್ನ ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಬಟ್ಟೆ ಮೇಲೆ ಹರವಿ ಒಣಗಿಸ್ತಾರೆ. ಕೇಳಿದ್ರೆ ಬ್ಯಾಕ್ಟೀರಿಯಾ ಕಾರಣ ಹೇಳಲ್ಲ, ಅಚಾರ್ ಕೆಡಬಾರದು ಅಂತಾರೆ. ಎರಡೂ ಒಂದೇ.

ಸರಿ, ಈಗ ಮಾಡೋಣ. ಮೇಲಿನ ಮೂರು ನಾಲ್ಕು ಎಲೆ, ನಡುವಿನ ದಂಟು ತೆಗೆದ ಮೇಲೆ 500 ಗ್ರಾಂ ಕೋಸು. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಕೊಳ್ಳಿ. ಮಧ್ಯಮ ಗಾತ್ರದ ಕೋಸು ಅಂತ ಬರೆದ ರೆಸಿಪಿ ನೋಡಿದ್ರೆ ನನಗೆ ಯೂನಿಟ್ ಇಲ್ಲದ ವೇರಿಯಬಲ್ ನೋಡಿದ ಹಾಗಾಗುತ್ತೆ. ಎಲೆಗಳನ್ನ ಬಿಡಿಸಿ, ಒಂದೊಂದಾಗಿ ತೊಳೀರಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಎಲೆಗಳನ್ನ ಸ್ವಲ್ಪ ಸ್ವಲ್ಪವಾಗಿ ಹಾಕಿ 1 ನಿಮಿಷ ಮುಳುಗಿಸಿ ತೆಗೀರಿ. ಒಂದೇ ಸಲ ಎಲ್ಲಾ ತುಂಬಿದ್ರೆ ನೀರೇ ತಣ್ಣಗಾಗುತ್ತೆ. ಹೆಚ್ಚಿದ ಮೇಲೆ ಅದ್ದೋದಕ್ಕಿಂತ ಇಡೀ ಎಲೆ ಅದ್ದೋದು ಒಳ್ಳೇದು, ಗರಿಗರಿ ಅಷ್ಟಾಗಿ ಹೋಗಲ್ಲ. ತೆಗೆದದ್ದನ್ನ ನಲ್ಲಿ ನೀರಿಗೆ ಮತ್ತೆ ಹಿಡಿಯಬೇಡಿ, ಮಾಡಿದ ಕೆಲಸ ನೀರಲ್ಲಿ ಹೋಮ ಆಗುತ್ತೆ. ಶುಚಿಯಾದ ತಟ್ಟೆಯಲ್ಲಿ ಹರವಿ, ಫ್ಯಾನ್ ಕೆಳಗೆ ಆರಿಸಿ.

ಆರಿದ ಎಲೆಗಳನ್ನ ಪಲ್ಯಕ್ಕಿಂತ ಕೊಂಚ ದಪ್ಪಗೆ, ಉದ್ದುದ್ದ ಹೆಚ್ಚಿ. 10 ಗ್ರಾಂ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಕಲಸಿ 20 ನಿಮಿಷ ಬಿಡಿ. ಕೋಸಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರೇ ಇರೋದು, ಬಟ್ಟಲ ತಳದಲ್ಲಿ ಬಂದು ನಿಲ್ಲುತ್ತೆ. ಅದನ್ನ ಗಟ್ಟಿಯಾಗಿ ಹಿಂಡಿ ಚೆಲ್ಲಿ. ಈ ಹೆಜ್ಜೆಯನ್ನ ಬಹಳ ಜನ ಬಿಡ್ತಾರೆ. ಬಿಟ್ಟರೆ ಆ ನೀರು ಆಮೇಲೆ ಬಾಟಲಿಯ ಒಳಗೆ ಇಳಿದು ವಿನೆಗರನ್ನ ತೆಳು ಮಾಡುತ್ತೆ. ಮೊದಲ ದಿನ ಹುಳಿಯಾಗಿದ್ದದ್ದು ಮೂರನೇ ದಿನ ಸಪ್ಪೆ ಅನ್ನಿಸೋದು ಇದಕ್ಕೇ.

ವಿನೆಗರ್ ವಿಷಯದಲ್ಲಿ ಲೇಬಲ್ ಓದಿ. ಹೊರದೇಶದ ರೆಸಿಪಿಗಳು ನೂರಕ್ಕೆ 5ರಷ್ಟು ಅಸಿಟಿಕ್ ಆಮ್ಲ ಇರೋ ವಿನೆಗರ್ ಅಂತ ಲೆಕ್ಕ ಇಟ್ಟು, ಸಮ ಸಮ ನೀರು ಸೇರಿಸೋಕೆ ಹೇಳ್ತವೆ. ನಮ್ಮಲ್ಲಿ ಕಾನೂನು ಕೇಳೋ ಕನಿಷ್ಠ ಪ್ರಮಾಣ 3.75. ಅಂಗಡಿಯ ಅಗ್ಗದ ಬಾಟಲಿ ಅಷ್ಟರಲ್ಲೇ ನಿಂತಿರಬಹುದು. ಅದಕ್ಕೂ ಸಮ ನೀರು ಸೇರಿಸಿದ್ರೆ ನೀವು ಹಾಕಿದ ಹುಳಿ ರೆಸಿಪಿಯವರ ಹುಳಿಗಿಂತ ಕಾಲು ಭಾಗ ಕಡಿಮೆ. ಆದ್ದರಿಂದ ನನ್ನ ಲೆಕ್ಕ: ವಿನೆಗರ್ 200 ಮಿಲಿ, ನೀರು 100 ಮಿಲಿ, ಸಕ್ಕರೆ 20 ಗ್ರಾಂ. ಬೇರೆ ಉಪ್ಪು ಬೇಡ. ಸಿಂಥೆಟಿಕ್ ಅಂತ ಬರೆದಿದ್ರೆ ಅದು ಅಸಿಟಿಕ್ ಆಮ್ಲಕ್ಕೆ ನೀರು ಸೇರಿಸಿ ಮಾಡಿದ್ದು. ಅದೂ ಕೆಲಸ ಮಾಡುತ್ತೆ, ಆದರೆ ಮೂಗಿಗೆ ಚುರ್ರ್ ಅನ್ನುತ್ತೆ. ನಾಲ್ಕು ಕಾಸು ಹೆಚ್ಚಾದರೂ ಬ್ರೂಡ್ ಅಂತ ಇರೋದು ತಗೊಳ್ಳಿ. ವಿನೆಗರ್ ಮನೆಗೆ ತರಲ್ಲ ಅನ್ನೋರು ನಿಂಬೆರಸ ಹಾಕಬಹುದು, ಆದರೆ ಚಿತ್ರಾನ್ನಕ್ಕೆ ಹಿಂಡಿದ ಹಾಗೆ ಒಂದು ಹೋಳು ಸಾಲದು, ಅದೇ 200 ಮಿಲಿ ಬೇಕು. ನಿಂಬೆಹಣ್ಣಿನ ರೇಟು ನೋಡ್ಕೊಂಡು ನಿರ್ಧಾರ ಮಾಡಿ.

ಈ ಮೂರನ್ನ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿ ತಿನ್ನುತ್ತೆ. ಶುಚಿಯಾದ, ಒಣಗಿದ ಗಾಜಿನ ಬಾಟಲಿಗೆ ಕೋಸು, ಶುಂಠಿ ಚೂರು, ನಾಲ್ಕೈದು ಕಾಳುಮೆಣಸು, ಸೀಳಿದ ಹಸಿಮೆಣಸಿನಕಾಯಿ ತುಂಬಿ. ಶುಂಠಿ, ಮೆಣಸಿನಕಾಯಿಯನ್ನೂ ಕುದಿಯೋ ನೀರಿಗೆ ಒಮ್ಮೆ ತೋರಿಸಿರಿ. ಮೇಲಿಂದ ಬಿಸಿ ವಿನೆಗರ್ ಸುರೀರಿ. ಬಾಟಲಿ ಸೀಳದಂತೆ ಅದನ್ನೂ ಮುಂಚೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡ್ಕೊಳ್ಳಿ. ಕೋಸು ಪೂರ್ತಿ ಮುಳುಗಬೇಕು. ಆರಿದ ತಕ್ಷಣ ಫ್ರಿಜ್ಜಿಗೆ. ಎರಡು ಗಂಟೆಗೆ ತಿನ್ನಬಹುದು, ಮಾರನೇ ದಿನ ರುಚಿ ಕೂಡಿರುತ್ತೆ.

ಕೆಂಪು ಕೋಸು ಸಿಕ್ಕರೆ ಒಂದು ತಮಾಷೆ ನೋಡಬಹುದು. ಬೋರ್‌ವೆಲ್ ನೀರಿನಲ್ಲಿ ನೀಲಿಗೆ ತಿರುಗಿದ ಎಲೆ ವಿನೆಗರ್ ಬಿದ್ದ ಕೂಡಲೇ ಗುಲಾಬಿ ಆಗುತ್ತೆ, ಶಾಲೆಯ ಲಿಟ್ಮಸ್ ಕಾಗದದ ಹಾಗೆ. ಮಕ್ಕಳಿರೋ ಮನೆಯವರು ಇದನ್ನೇ ಮಾಡಿ.

ಊಟಕ್ಕೆ ಇದು ಮೊಸರನ್ನದ ಜೊತೆ, ಅಕ್ಕಿರೊಟ್ಟಿ ಜೊತೆ, ಬೇಳೆ-ಅನ್ನದ ಜೊತೆ ಒಂದು ಹಿಡಿ. ಉಪ್ಪಿನಕಾಯಿಯಷ್ಟು ಉಪ್ಪಿಲ್ಲದ್ದರಿಂದ ಕೋಸಂಬರಿ ಪ್ರಮಾಣದಲ್ಲೇ ಬಡಿಸಿಕೊಳ್ಳಬಹುದು. ಸಾಸಿವೆ, ಇಂಗಿನ ಒಗ್ಗರಣೆ ಬೇಕು ಅನ್ನಿಸಿದ್ರೆ ತಟ್ಟೆಗೆ ಹಾಕಿಕೊಂಡ ಮೇಲೆ ಕೊಡಿ, ಬಾಟಲಿಗೆ ಎಣ್ಣೆ ಬೇಡ. ಫ್ರಿಜ್ಜಿನಲ್ಲಿ ಎಣ್ಣೆ ಹೆಪ್ಪುಗಟ್ಟಿ ಬಾಯಿಗೆ ಹಿತ ಅನ್ನಿಸಲ್ಲ.

ಒಂದು ವಾರದೊಳಗೆ ಮುಗಿಸಿ. ಪ್ರತಿ ಸಲ ಒಣ ಚಮಚ. ರೂಮ್‌ಮೇಟ್ ಕೈ ಹಾಕಿದ್ದು ಕಂಡರೆ ಅವತ್ತೇ ಎಲ್ಲರೂ ಸೇರಿ ಖಾಲಿ ಮಾಡಿಬಿಡಿ. ಲೋಳೆಯಾದ್ರೆ, ಮೇಲೆ ಬೂಸಲು ಬಂದ್ರೆ, ಮುಚ್ಚಳ ತೆಗೆದಾಗ ಬುಸ್ ಅಂದ್ರೆ ರುಚಿ ನೋಡೋಕೂ ಹೋಗಬೇಡಿ, ಚೆಲ್ಲಿ. ಕರೆಂಟ್ ಹೋಗಿ ಇಡೀ ದಿನ ಫ್ರಿಜ್ ನಿಂತಿದ್ರೂ ಹಾಗೇ. ದೀಪಾವಳಿಗೆ ಊರಿಗೆ ಹೊರಟಾಗ ಅಮ್ಮನಿಗೆ ತೋರಿಸೋಣ ಅಂತ ಇದನ್ನ ಬಸ್ಸಿನಲ್ಲಿ ರಾತ್ರಿಯಿಡೀ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಹೋಗಿ ಹೊಸದಾಗಿ ಮಾಡಿಕೊಡಿ, ಅರ್ಧ ಗಂಟೆಯ ಕೆಲಸ ಅಷ್ಟೇ. ಉಳಿದ ವಿನೆಗರ್ ನೀರಿಗೆ ಮತ್ತೆ ಹೊಸ ಕೋಸು ತುಂಬೋ ಆಸೆ ಬರುತ್ತೆ. ಬೇಡ. ಅದರ ಹುಳಿ ಆಗಲೇ ತೆಳುವಾಗಿರುತ್ತೆ. ಅದನ್ನ ಈರುಳ್ಳಿ ಸಾಲಡ್‌ಗೆ ಎರಡು ಚಮಚ ಹಾಕಿ, ಮಿಕ್ಕಿದ್ದು ಸಿಂಕಿಗೆ.